ಓದುಗರ ಪ್ರಶ್ನೆಗಳು: ಡ್ರಂಗ್ ಡ್ರುಂಗ್ ಹಿಮನದಿಯ ದಾರಿ

ಲಡಾಖಿನ ಕಾರ್ಗಿಲ್‌ನಿಂದ ಝನ್ಸ್ಕಾರ್‌ನ ಪದುಮ್‌ಗೆ ಹೋಗುವ ರಸ್ತೆ ಸುಮಾರು 230-240 ಕಿ.ಮೀ. ನಡುವೆ ಪೆನ್ಸಿ ಲಾ ಎಂಬ ಘಟ್ಟ ಸಿಗುತ್ತದೆ (ಲಾ ಎಂದರೆ ಬೆಟ್ಟಸಾಲು ದಾಟುವ ದಾರಿ). ಅದರ ಎತ್ತರ ಸುಮಾರು 4,400 ಮೀಟರ್. ರಸ್ತೆ ಬದಿ ನಿಂತರೆ ಸಾಕು, ಸುಮಾರು 23 ಕಿ.ಮೀ. ಉದ್ದದ ಡ್ರಂಗ್ ಡ್ರುಂಗ್ ಹಿಮನದಿ ಹಾವಿನಂತೆ ಬಳುಕಿಕೊಂಡು ಇಳಿದು ಬರುವುದು ಕಾಣುತ್ತದೆ. ಈ ದಾರಿಯ ಬಗ್ಗೆ ನಮ್ಮ ರಾಯಚೂರು, ಬಳ್ಳಾರಿ, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ.

ನಾವು ನಾಲ್ಕು ಮಂದಿ ಗೆಳೆಯರು. ಏಳು ದಿನ ರಜೆ ಇದೆ. ಲೇಹ್‌ಗೆ ವಿಮಾನದಲ್ಲಿ ಹೋಗಿ ಮರುದಿನವೇ ಗಾಡಿ ಹತ್ತಿದರೆ ಆಗುತ್ತದಾ?
— ಸಿಂಧನೂರಿನ ಓದುಗರು

ಆಗುವುದಿಲ್ಲ. ಸಿಂಧನೂರು ಇರುವುದು ಸಮುದ್ರಮಟ್ಟದಿಂದ ನಾನೂರು ಮೀಟರ್ ಆಸುಪಾಸಿನಲ್ಲಿ. ಅಲ್ಲಿ ಒಂದು ಉಸಿರಿಗೆ ಹತ್ತು ಪಾಲು ಆಮ್ಲಜನಕ ಸಿಗುತ್ತದೆ ಅಂದರೆ ಪೆನ್ಸಿ ಲಾದಲ್ಲಿ ಸಿಗುವುದು ಆರೇ ಪಾಲು. ಮೈ ಅದಕ್ಕೆ ಒಗ್ಗಿಕೊಳ್ಳಲು ದಿನಗಳು ಬೇಕು. ನೀವು ಎಷ್ಟು ಗಟ್ಟಿಮುಟ್ಟು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ದಿನಾ ಗರಡಿಗೆ ಹೋಗುವವರೂ ಮೊದಲ ರಾತ್ರಿಯೇ ವಾಂತಿ ಮಾಡಿಕೊಂಡು ಮಲಗುವುದುಂಟು.

ಶ್ರೀನಗರದ ದಾರಿ ಹಿಡಿಯಿರಿ. ಶ್ರೀನಗರ ಸುಮಾರು 1,600 ಮೀಟರ್, ಕಾರ್ಗಿಲ್ ಸುಮಾರು 2,700. ನಡುವಿನ ಝೋಜಿ ಲಾ 3,500 ದಾಟಿದರೂ ಅಲ್ಲಿ ಮಲಗುವುದಿಲ್ಲವಲ್ಲ. ಹಗಲು ಎಷ್ಟು ಎತ್ತರ ಮುಟ್ಟಿದಿರಿ ಅನ್ನುವುದಕ್ಕಿಂತ ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿದಿರಿ ಅನ್ನುವುದೇ ಮುಖ್ಯ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು. ಕಾರ್ಗಿಲ್‌ನಲ್ಲಿ ಎರಡು ರಾತ್ರಿ, ಸುರು ಕಣಿವೆಯ ಪಾನಿಖರ್ ಕಡೆ ಒಂದು ರಾತ್ರಿ ಉಳಿಯಿರಿ. ಮರುದಿನ ನಸುಕಿನಲ್ಲೇ ಹೊರಟು ರಂಗ್ದುಮ್ ಊರು ಹಾದು ಪೆನ್ಸಿ ಲಾಗೆ ಹೋಗಿ, ಹಿಮನದಿ ನೋಡಿ, ಸಂಜೆಯೊಳಗೆ ಕೆಳಗೆ ಬಂದು ಮಲಗಿ.

ರಾಯಚೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ದೆಹಲಿಗೇ ಒಂದು ಹಗಲು, ಒಂದು ರಾತ್ರಿ ಮೀರುತ್ತದೆ. ಹೋಗಿ ಬರಲು ಹನ್ನೆರಡು ದಿನ ಬೇಕು. ಏಳೇ ದಿನ ಇದ್ದರೆ ಸೋನಾಮಾರ್ಗ್‌ವರೆಗೆ ಹೋಗಿ ಬನ್ನಿ, ಇದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ. ಹೋಗಲು ಒಳ್ಳೆಯ ಕಾಲ ಜುಲೈನಿಂದ ಸೆಪ್ಟೆಂಬರ್. ಇನ್ನೊಂದು ಮಾತು: ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ನಾಲ್ವರಲ್ಲಿ ಒಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಇರಲಿ.

ಅದಿರು ಲಾರಿ ಓಡಾಡುವ ರಸ್ತೆಯಲ್ಲಿ ಹತ್ತು ವರ್ಷದಿಂದ ಡೀಸೆಲ್ ಜೀಪು ಓಡಿಸುತ್ತಿದ್ದೇನೆ. ಅದೇ ಗಾಡಿ ಒಯ್ಯಬೇಕೆಂದಿದ್ದೇನೆ. ಏನೇನು ಮಾಡಿಸಬೇಕು?
— ಸಂಡೂರಿನ ಓದುಗರು

ಧೂಳು, ಗುಂಡಿ, ಎದುರಿಗೆ ಲಾರಿ ಬಂದಾಗ ಅಂಚಿಗೆ ಸರಿದು ನಿಲ್ಲುವುದು ನಿಮಗೆ ಹೊಸದಲ್ಲ. ಕಾರ್ಗಿಲ್-ಪದುಮ್ ರಸ್ತೆಯಲ್ಲೂ ಅಗಲ ಮಾಡುವ ಕೆಲಸ ವರ್ಷಗಳಿಂದ ನಡೆದಿದೆ. ಡಾಂಬರು ಬಿದ್ದ ಕಡೆ ಗಾಡಿ ಜಾರಿದಂತೆ ಹೋಗುತ್ತದೆ, ಅಗೆದ ಕಡೆ ಮೊಳಕಾಲುದ್ದ ಹುಡಿ. ನಿಮಗೆ ಹೊಸದು ಚಳಿ ಮತ್ತು ಹಳ್ಳ.

ಮೊದಲು ರೇಡಿಯೇಟರ್ ನೋಡಿ. ನಮ್ಮ ಬಿಸಿಲಿಗೆ ದಾರಿಯಲ್ಲಿ ಸಿಕ್ಕ ನಲ್ಲಿ ನೀರು ಸುರಿದು ಸುರಿದು ಕೂಲಂಟ್ ಹೆಸರಿಗಷ್ಟೇ ಉಳಿದಿರುತ್ತದೆ. ಬೇಸಿಗೆ ಮುಗಿಯುತ್ತ ಬಂದಂತೆ ಅಲ್ಲಿನ ರಾತ್ರಿಗಳು ಸೊನ್ನೆ ಡಿಗ್ರಿಗೂ ಕೆಳಗೆ ಇಳಿಯುತ್ತವೆ. ನೀರು ಹೆಪ್ಪುಗಟ್ಟಿ ಹಿಗ್ಗಿದರೆ ರೇಡಿಯೇಟರ್ ಸೀಳುತ್ತದೆ, ಕೆಲವೊಮ್ಮೆ ಎಂಜಿನ್ ಬ್ಲಾಕೇ ಬಿರಿಯುತ್ತದೆ. ಹಳೆಯದನ್ನು ಪೂರ್ತಿ ಬಸಿದು, ಒಳಗೆ ತೊಳೆಸಿ, ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಬೆರೆಸಿ ತುಂಬಿಸಿ. ಗ್ಲೈಕಾಲ್ ಕೂಲಂಟ್ ಆದರೆ ಈ ಅಳತೆ ಸುಮಾರು ಮೈನಸ್ 35 ಡಿಗ್ರಿವರೆಗೆ ಕಾಯುತ್ತದೆ. ರೇಡಿಯೇಟರ್ ಮುಚ್ಚಳದ ರಬ್ಬರ್ ಸೀಲನ್ನು ಬೆರಳಿನಿಂದ ಮುಟ್ಟಿ ನೋಡಿ. ಬಿರಿದಿದ್ದರೆ ಮುಚ್ಚಳ ಬದಲಿಸಿ. ಒತ್ತಡ ನಿಲ್ಲದ ಮುಚ್ಚಳವಿದ್ದರೆ ಎತ್ತರದಲ್ಲಿ ಕೂಲಂಟ್ ಬೇಗ ಕುದಿದುಬಿಡುತ್ತದೆ.

ಬ್ರೇಕ್ ಆಯಿಲ್ ಹಾಕಿಸಿ ಎರಡು ವರ್ಷವಾಗಿದ್ದರೆ ಬದಲಿಸಿ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಉದ್ದ ಇಳಿಜಾರಿನಲ್ಲಿ ಕಾದಾಗ ಆ ನೀರು ಆವಿಯಾಗಿ ಪೆಡಲ್ ಹೂವಿನಂತೆ ಮೆತ್ತಗೆ ಒಳಗೆ ಹೋಗುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಿರಿ. ಏರ್ ಫಿಲ್ಟರ್ ಒಂದು ಹೆಚ್ಚಿಗೆ ಇರಲಿ. ಮೊದಲೇ ಗಾಳಿ ತೆಳು, ಅದರ ಮೇಲೆ ಹುಡಿ ಕಟ್ಟಿದರೆ ಗಾಡಿ ಕರಿಹೊಗೆ ಕಾರುತ್ತ ಏರು ಹತ್ತುವುದೇ ಇಲ್ಲ.

ಟೈರಿನ ಗಾಳಿಯನ್ನು ಕಾರ್ಗಿಲ್‌ನಲ್ಲಿ ಬೆಳಿಗ್ಗೆ, ಟೈರ್ ತಣ್ಣಗಿದ್ದಾಗ ನೋಡಿಸಿ. ಎತ್ತರ ಏರಿದಂತೆ ಮೀಟರ್ ಹೆಚ್ಚು ತೋರಿಸುತ್ತದೆ, ಚಳಿ ಅದನ್ನು ಇಳಿಸುತ್ತದೆ. ಬಳ್ಳಾರಿಯ ನಡುಮಧ್ಯಾಹ್ನ ತುಂಬಿಸಿದ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಕಲ್ಲುದಾರಿಯಲ್ಲಿ ಕಂಪನಿ ಹೇಳಿದ್ದಕ್ಕಿಂತ ನಾಲ್ಕೈದು ಪಾಯಿಂಟ್ ಕಡಿಮೆ ಇದ್ದರೆ ಹಿಡಿತ ಚೆನ್ನಾಗಿರುತ್ತದೆ. ಡಾಂಬರಿಗೆ ಬಂದೊಡನೆ ಮತ್ತೆ ತುಂಬಿಸಬೇಕು, ಅದಕ್ಕೆ ಚಿಕ್ಕ ಪಂಪು ಗಾಡಿಯಲ್ಲಿರಲಿ. ಚೂಪು ಕಲ್ಲು ಟೈರಿನ ಪಕ್ಕೆ ಸೀಳಿದರೆ ಪಂಚರ್ ಕಿಟ್ ಕೆಲಸಕ್ಕೆ ಬರುವುದಿಲ್ಲ. ಎರಡು ಸ್ಟೆಪ್ನಿ ಇದ್ದರೆ ಒಳ್ಳೆಯದು.

ಇನ್ನು ಹಳ್ಳ. ನಮ್ಮ ಕಡೆ ಮಳೆ ಬಂದರೆ ಹಳ್ಳ ಬರುತ್ತದೆ, ಅಲ್ಲಿ ಬಿಸಿಲು ಬಂದರೆ ಹಳ್ಳ ಬರುತ್ತದೆ. ರಾತ್ರಿ ಹಿಮ ಕರಗುವುದು ನಿಂತಿರುತ್ತದೆ, ಹಾಗಾಗಿ ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ನೀರು ಮಧ್ಯಾಹ್ನ ಮೂರಕ್ಕೆ ತೊಡೆಮಟ್ಟ ಬಂದಿರಬಹುದು. ಹತ್ತು ಗಂಟೆಯೊಳಗೆ ದಾಟುವಂತೆ ಹೊರಡಿ. ನೀರು ಹಾಲಿನಂತಿದ್ದು ತಳ ಕಾಣುವುದಿಲ್ಲ. ಇಳಿದು ನೋಡಿ, ಬೇರೆ ಗಾಡಿ ಹೋದ ಜಾಡು ಹುಡುಕಿ. ಹರಿವು ಅಗಲವಾದಲ್ಲಿ ಆಳ ಕಡಿಮೆ, ಕಿರಿದಾದಲ್ಲಿ ಹೆಚ್ಚು. ಚಕ್ರದ ನಡುಮಟ್ಟಕ್ಕಿಂತ ಮೇಲಿದ್ದರೆ ಇಳಿಸಬೇಡಿ, ಮರುದಿನ ಬೆಳಿಗ್ಗೆವರೆಗೆ ಕಾಯಿರಿ. ಇಳಿದ ಮೇಲೆ ಮೊದಲ ಗೇರು, ಒಂದೇ ವೇಗ. ನಡುವೆ ಕ್ಲಚ್ ಒತ್ತಬಾರದು, ಗೇರ್ ಬದಲಿಸಬಾರದು. ಆಚೆ ದಡ ಹತ್ತಿದ ಮೇಲೆ ಬ್ರೇಕನ್ನು ಎರಡು ಮೂರು ಸಲ ಮೆಲ್ಲಗೆ ಒತ್ತಿ ಒಣಗಿಸಿ.

ಡೀಸೆಲ್ ಕಾರ್ಗಿಲ್‌ನಲ್ಲೇ ಫುಲ್ ಟ್ಯಾಂಕ್. ಪೆನ್ಸಿ ಲಾಗೆ ಹೋಗಿ ಬರಲು ಸುಮಾರು 310 ಕಿ.ಮೀ. ಆಗುತ್ತದೆ. ಆ ರಸ್ತೆಯಲ್ಲಿ ಮೈಲೇಜ್ ಮೂರರಲ್ಲಿ ಎರಡು ಪಾಲು ಸಿಕ್ಕರೆ ಪುಣ್ಯ.

ನಮ್ಮ ಅವ್ವನಿಗೆ 62 ವರ್ಷ, ಬಿ.ಪಿ. ಮಾತ್ರೆ ತಗೊಳ್ಳುತ್ತಾಳೆ. ಕರೆದುಕೊಂಡು ಹೋಗಬಹುದಾ? ಎತ್ತರಕ್ಕೆ ಹೋಗುವವರು ತಗೊಳ್ಳುವ ಡಯಾಮಾಕ್ಸ್ ಮಾತ್ರೆ ನುಂಗಿದರೆ ಏನೂ ಆಗುವುದಿಲ್ಲ ಅನ್ನುತ್ತಾರೆ, ನಿಜವಾ?
— ಕುಷ್ಟಗಿಯ ಓದುಗರು

ಬಿ.ಪಿ. ಹತೋಟಿಯಲ್ಲಿದ್ದರೆ ವಯಸ್ಸೊಂದೇ ಅಡ್ಡಿಯಲ್ಲ. ಆದರೆ ಅವ್ವನನ್ನು ನೋಡುವ ಡಾಕ್ಟರ್ ಒಪ್ಪಬೇಕು. ಎಷ್ಟೋ ಬಿ.ಪಿ. ಮಾತ್ರೆಗಳಲ್ಲಿ ಮೂತ್ರ ಹೆಚ್ಚಿಸುವ ಔಷಧಿ ಇರುತ್ತದೆ, ಡಯಾಮಾಕ್ಸ್ ಕೂಡ ಅದನ್ನೇ ಮಾಡುತ್ತದೆ. ಸಲ್ಫಾ ಔಷಧಿ ಒಗ್ಗದವರು ಹೇಳದೆ ಕೇಳದೆ ಅದನ್ನು ನುಂಗಲೇಬಾರದು. ದೊಡ್ಡವರಿಗೆ ಸಾಮಾನ್ಯವಾಗಿ ಬರೆದುಕೊಡುವುದು 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಎತ್ತರಕ್ಕೆ ಹೊರಡುವ ಹಿಂದಿನ ದಿನದಿಂದ. ಬೆರಳ ತುದಿ ಜುಮ್ಮೆನ್ನುತ್ತದೆ, ಸೋಡಾ ಸಪ್ಪೆ ಅನ್ನಿಸುತ್ತದೆ. ಅದಕ್ಕೆ ಹೆದರಬೇಕಿಲ್ಲ. ಮಾತ್ರೆ ಮೈಯನ್ನು ಬೇಗ ಒಗ್ಗಿಸುತ್ತದೆ ಅಷ್ಟೇ, ಅವಸರವನ್ನು ಸರಿಮಾಡುವುದಿಲ್ಲ.

ತಲೆನೋವು, ಊಟ ಸೇರದಿರುವುದು ಮೊದಲ ಸೂಚನೆ. ಅದು ಇರುವಾಗ ಮೇಲೆ ಹೋಗಬಾರದು. ಕುಳಿತಲ್ಲೇ ಏದುಸಿರು, ಗೊರಗೊರ ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದರ್ಥ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಸಿ. ತೂರಾಡಿದರೆ ಮಿದುಳು ಊದುತ್ತಿದೆ. ಎರಡಕ್ಕೂ ಮೊದಲ ಮದ್ದು ತಕ್ಷಣ ಕೆಳಗಿಳಿಯುವುದು, ರಾತ್ರಿ ಎಷ್ಟು ಹೊತ್ತಾಗಿದ್ದರೂ. ಅಂಗಡಿಯಲ್ಲಿ ಸಿಗುವ ಆಮ್ಲಜನಕದ ಸಣ್ಣ ಡಬ್ಬಿ ಕೆಲವು ನಿಮಿಷಕ್ಕೆ ಖಾಲಿ, ಅದನ್ನು ನಂಬಿ ಕೂರಬೇಡಿ.

ಹಿಮನದಿ ಅಂದರೆ ಬೆಳ್ಳಗೆ ಇರಬೇಕಲ್ಲ? ಫೋಟೋದಲ್ಲಿ ಕಪ್ಪು ಪಟ್ಟೆಗಳಿವೆ.
— ಗಂಗಾವತಿಯ ಕಾಲೇಜು ವಿದ್ಯಾರ್ಥಿನಿ

ಅಕ್ಕಪಕ್ಕದ ಬೆಟ್ಟದಿಂದ ಉದುರಿದ ಕಲ್ಲುಮಣ್ಣನ್ನು ಹೊತ್ತುಕೊಂಡೇ ಮಂಜುಗಡ್ಡೆ ಇಳಿಯುತ್ತದೆ. ಎರಡು ಕವಲು ಕೂಡಿದಲ್ಲಿ ಅವುಗಳ ಅಂಚಿನ ಕಲ್ಲು ನಡುವಿಗೆ ಬಂದು ಪಟ್ಟೆಯಾಗುತ್ತದೆ. ತಳದಲ್ಲಿ ಬಂಡೆ ಉಜ್ಜಿ ಹಿಟ್ಟಾದದ್ದು ನೀರಿಗೆ ಸೇರುವುದರಿಂದ ಕೆಳಗೆ ಹುಟ್ಟುವ ನದಿ ಹಾಲಿನ ಬಣ್ಣಕ್ಕಿರುತ್ತದೆ.

ಮಂಜಿನ ಮೇಲೆ ನಡೆದು ಬರಬಹುದಾ? ಊಟಕ್ಕೆ ಏನು ಒಯ್ಯೋಣ?
— ಸಿರುಗುಪ್ಪದ ಓದುಗರು

ಮೇಲಿನಿಂದ ಹತ್ತಿರ ಕಂಡರೂ ನಡುವೆ ಸಡಿಲ ಕಲ್ಲುಗುಡ್ಡೆ, ತೊರೆ ಇವೆ. ಹಂಪಿಯ ಬಂಡೆ ಹತ್ತಿದ ಧೈರ್ಯ ಅಲ್ಲಿ ಸಾಲದು. ಕಲ್ಲಿನ ಪದರದ ಕೆಳಗೇ ನುಣ್ಣನೆಯ ಗಡ್ಡೆ ಇರುತ್ತದೆ, ಬಿರುಕುಗಳ ಬಾಯನ್ನು ಹಿಮ ಮುಚ್ಚಿರುತ್ತದೆ. ಸ್ಥಳೀಯ ಗೈಡ್ ಮತ್ತು ಹಗ್ಗ ಇಲ್ಲದೆ ಮೇಲೆ ಕಾಲಿಡಬೇಡಿ, ತುದಿಯ ಮಂಜಿನ ಗೋಡೆಯ ಕೆಳಗೆ ನಿಂತು ಫೋಟೋ ತೆಗೆಯಬೇಡಿ. ಕಪ್ಪು ಕನ್ನಡಕ ಮರೆತರೆ ಸಂಜೆಗೆ ಕಣ್ಣಿಗೆ ಮರಳು ಹೊಯ್ದಂತಾಗುತ್ತದೆ.

ಊಟಕ್ಕೆ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಒಯ್ಯಿರಿ. ಅಲ್ಲಿನ ಒಣ ಗಾಳಿಗೆ ರೊಟ್ಟಿ ಮೆತ್ತಗಾಗುವುದೇ ಇಲ್ಲ, ಮುರಿಯದಂತೆ ಸ್ಟೀಲ್ ಡಬ್ಬಿಯಲ್ಲಿಡಿ. ಅಡುಗೆ ಮಾಡಿಕೊಳ್ಳುವುದಾದರೆ ಚಿಕ್ಕ ಕುಕ್ಕರ್ ಬೇಕೇಬೇಕು. ಪೆನ್ಸಿ ಲಾ ಎತ್ತರದಲ್ಲಿ ನೀರು ಸುಮಾರು 85-86 ಡಿಗ್ರಿಗೇ ಕುದಿಯುತ್ತದೆ. ಬರೀ ಪಾತ್ರೆಯಲ್ಲಿಟ್ಟ ತೊಗರಿಬೇಳೆ ಗಂಟೆಗಟ್ಟಲೆ ಕುದ್ದರೂ ಕಾಳು ಕಾಳಾಗಿಯೇ ಉಳಿಯುತ್ತದೆ.