ಅಳಿಯಕಟ್ಟಿನ ನಾಡಿನಲ್ಲಿ ಸ್ತ್ರೀವಾದಕ್ಕೆ ಏನು ಕೆಲಸ?

ತಾಯಿಯ ಕಡೆಯಿಂದಲೇ ಕುಲವೂ ಆಸ್ತಿಯೂ ಇಳಿದುಬರುತ್ತಿದ್ದ ಕಾಸರಗೋಡಿನಂತಹ ಕಡೆ ಸ್ತ್ರೀವಾದಕ್ಕೆ ಏನು ಕೆಲಸ, ಮಗಳಿಗೆ ಇಲ್ಲಿಯ ಯಾರನ್ನು ಆದರ್ಶವೆಂದು ತೋರಿಸಲಿ ಎಂದು ಕೇಳಿದ್ದೀರಿ. ನಾನು ಮಂಜೇಶ್ವರ ತಾಲೂಕಿನ ಅಳಿಯಕಟ್ಟಿನ ಮನೆಯಲ್ಲಿ ಹುಟ್ಟಿದವಳಾದ್ದರಿಂದ ಉತ್ತರಿಸುತ್ತಿದ್ದೇನೆ.

ಅಳಿಯಕಟ್ಟು ಅಥವಾ ಅಳಿಯಸಂತಾನ ಎಂಬ ಈ ಪದ್ಧತಿಯಿಂದ ಹೆಣ್ಣಿಗೆ ಪ್ರಯೋಜನವೇ ಆಗಲಿಲ್ಲ ಎಂದರೆ ಅನ್ಯಾಯವಾದೀತು. ಗಂಡ ತೀರಿಕೊಂಡರೂ, ಗಂಡನನ್ನು ಬಿಟ್ಟು ಬಂದರೂ ತರವಾಡು ಮನೆಯಲ್ಲಿ, ಅಂದರೆ ತಾಯಿಯ ಕುಲದ ಮೂಲಮನೆಯಲ್ಲಿ, ಅವಳಿಗೂ ಮಕ್ಕಳಿಗೂ ಇರುವ ನೆಲೆ ತಪ್ಪುತ್ತಿರಲಿಲ್ಲ. ಆದರೆ ಸಂತಾನ ಹೆಣ್ಣಿನಿಂದ ಎಂದ ಮಾತ್ರಕ್ಕೆ ಯಜಮಾನಿಕೆ ಅವಳದಾಗಲಿಲ್ಲ. ಕುಟುಂಬದ ಹಿರಿಯಳು ಯಜಮಾನ್ತಿಯಾಗುವುದಕ್ಕೆ ಕಟ್ಟಳೆಯಲ್ಲಿ ಅಡ್ಡಿಯಿಲ್ಲದಿದ್ದರೂ, ನಾನು ಕಂಡು ಕೇಳಿದ ಮನೆಗಳಲ್ಲಿ ಗೇಣಿಯ ಲೆಕ್ಕ, ಅಡಿಕೆ ಮಾರಿದ ಹಣ, ಕೋರ್ಟಿನ ವ್ಯವಹಾರ ಎಲ್ಲವೂ ಸೋದರಮಾವನ ಕೈಯಲ್ಲಿಯೇ ಇದ್ದವು. ನಮ್ಮಲ್ಲಿ ಭತ್ತದ ಕಣಜದ ಬೀಗದ ಕೈ ಅಜ್ಜಿಯ ಸೊಂಟದಲ್ಲಿದ್ದರೆ, ದಸ್ತಾವೇಜಿನ ಪೆಟ್ಟಿಗೆಯದು ಅವರ ಅಣ್ಣನ ಸೊಂಟದಲ್ಲಿತ್ತು.

1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಮತ್ತು ಅವಿಭಕ್ತ ಕುಟುಂಬವನ್ನೇ ರದ್ದುಪಡಿಸಿದ ಕೇರಳದ 1975ರ ಕಾಯಿದೆ ಬಂದ ಮೇಲೆ ಹೆಣ್ಣಿಗೆ ಅವಳದೇ ಪಾಲು ಸಿಕ್ಕಿತು. ಕಾಗದದ ಮೇಲೆ ಸಿಕ್ಕಿದ ಆ ಪಾಲನ್ನು ಕಾಗದದ ಮೇಲೆಯೇ ಕಳೆದುಕೊಳ್ಳುವುದು ಈಗಿನ ಕಥೆ. ಮದುವೆಗೆ ಚಿನ್ನ ಹಾಕಿದ್ದೇವಲ್ಲ ಎಂದು ತಂಗಿಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ಯುತ್ತಾರೆ. ಹಕ್ಕು ಬಿಟ್ಟುಕೊಡುವ ಪತ್ರ ಹೆಚ್ಚಾಗಿ ಮಲಯಾಳದಲ್ಲಿರುತ್ತದೆ. ಕನ್ನಡ ಶಾಲೆಯಲ್ಲಿ ಕಲಿತ ಅವಳು ದಸ್ತಾವೇಜು ಬರೆಯುವವನು ಬೆರಳಿಟ್ಟಲ್ಲಿ ಸಹಿ ಹಾಕಿ, ಹೋಟೆಲಿನಲ್ಲಿ ಅಣ್ಣ ಕೊಡಿಸಿದ ಊಟ ಮಾಡಿ ಬಸ್ಸು ಹತ್ತುತ್ತಾಳೆ. ಜಗಳವಿಲ್ಲ, ಬೈಗುಳವಿಲ್ಲ, ಹಾಗಾಗಿ ಇದನ್ನು ಅನ್ಯಾಯವೆಂದು ಕರೆಯಲು ಅವಳಿಗೇ ಸಂಕೋಚ. ಸ್ತ್ರೀವಾದಕ್ಕೆ ನಮ್ಮಲ್ಲಿ ಇರುವ ಕೆಲಸ ಮುಖ್ಯವಾಗಿ ಇದೇ ಎಂದು ನನ್ನ ಅಭಿಪ್ರಾಯ.

ಇನ್ನು ಆದರ್ಶದ ಮಾತು. ಕಾಸರಗೋಡು ಜಿಲ್ಲೆಯ ಪೆರಿಯದ ಲೀಲಾಕುಮಾರಿ ಅಮ್ಮನವರನ್ನು ನಾನು ಮೊದಲು ಹೆಸರಿಸುತ್ತೇನೆ. ಕೃಷಿ ಇಲಾಖೆಯಲ್ಲಿ ಸಾಮಾನ್ಯ ನೌಕರಿಯಲ್ಲಿದ್ದ ಈ ಮಹಿಳೆ, ಸರಕಾರಿ ಸ್ವಾಮ್ಯದ ಪ್ಲಾಂಟೇಶನ್ ಕಾರ್ಪೊರೇಶನ್ನು ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಸುವುದನ್ನು ಪ್ರಶ್ನಿಸಿ 1998ರಲ್ಲಿ ಅದೇ ಜಿಲ್ಲೆಯ ಹೊಸದುರ್ಗದ ಮುನ್ಸೀಫ್ ಕೋರ್ಟಿನ ಮೆಟ್ಟಿಲೇರಿದರು. ಸರಕಾರದ ಸಂಬಳ ಪಡೆಯುತ್ತ ಸರಕಾರದ ಸಂಸ್ಥೆಯ ಮೇಲೆಯೇ ದಾವೆ ಹೂಡುವುದೆಂದರೆ ಏನೆಂಬುದು ನೌಕರಿಯಲ್ಲಿರುವವರಿಗೆ ಗೊತ್ತು. ಸುಪ್ರೀಂ ಕೋರ್ಟು ದೇಶಕ್ಕೆಲ್ಲ ಆ ವಿಷವನ್ನು ತಡೆದದ್ದು 2011ರಲ್ಲಿ. ಕಾದಂಬರಿಗಾರ್ತಿ, ಚಂದ್ರಗಿರಿಯ ಸಾರಾ ಅಬೂಬಕ್ಕರ್ ಅವರ ಹೆಸರು ನಿಮಗೆ ಹೇಗೂ ಗೊತ್ತಿರುತ್ತದೆ.

ನೇರವಾಗಿ ಮಾತಾಡಿಸಬಹುದಾದ ಮಾದರಿಯೇ ಬೇಕಿದ್ದರೆ ಮಗಳನ್ನು ಗ್ರಾಮಸಭೆಗೆ ಕರೆದೊಯ್ಯಿರಿ. ಕೇರಳದ ಪಂಚಾಯತುಗಳಲ್ಲಿ 2010ರ ಚುನಾವಣೆಯಿಂದ ಅರ್ಧದಷ್ಟು ಸ್ಥಾನ ಮಹಿಳೆಯರಿಗಿದೆ. ಗಂಡನೇ ಫೋನು ಎತ್ತುವ ಸದಸ್ಯೆಯರೂ ಇದ್ದಾರೆ. ಕಡತ ತರಿಸಿ, ತಾವೇ ಓದಿ, ಅರ್ಥವಾಗದ ಸಾಲಿಗೆ ಕಾರ್ಯದರ್ಶಿಯನ್ನು ನಿಲ್ಲಿಸಿ ಕೇಳುವವರೂ ಇದ್ದಾರೆ. ಯಾರು ಯಾವ ಬಗೆಯವರೆಂದು ಮಗಳಿಗೆ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.