ಐದು ಜಾತಿ ಸಿಕ್ಕರೆ ಎರಡೂ ಕಡೆ ಒಂದೇ ವೈವಿಧ್ಯವೇ?

ಪುಣೆಯ ವೇತಾಳ ಟೇಕಡಿ ಗುಡ್ಡದಲ್ಲಿ ಎರಡು ಕಡೆ ನೂರು ನೂರು ಗಿಡ ಎಣಿಸಿದ್ದೀರಿ. ಎರಡರಲ್ಲೂ ಐದೇ ಜಾತಿ, ಹಾಗಾದರೆ ವೈವಿಧ್ಯ ಸಮ ಅಲ್ವಾ ಎಂದು ಕೇಳಿದ್ದೀರಿ. ಸಮ ಅಲ್ಲ ಸರ್. ಯಾವ ಜಾತಿ ಎಷ್ಟಿದೆ ಅನ್ನೋದೂ ಲೆಕ್ಕಕ್ಕೆ ಬರಬೇಕು.

ಒಂದು ಕಡೆ ಪ್ರತಿ ಜಾತಿಯದೂ 20 ಗಿಡ ಇದೆ ಅನ್ನಿ. ಇನ್ನೊಂದು ಕಡೆ 96 ಗ್ಲಿರಿಸಿಡಿಯಾ, ಉಳಿದ ನಾಲ್ಕು ಜಾತಿ ಒಂದೊಂದೇ. ವೈವಿಧ್ಯ ಅಳೆಯಲು ಸಂಖ್ಯಾಶಾಸ್ತ್ರಜ್ಞ ಸಿಂಪ್ಸನ್ 1949ರಲ್ಲಿ ತೋರಿಸಿದ ದಾರಿ ಸುಲಭ. ಪ್ರತಿ ಜಾತಿಯ ಪಾಲನ್ನು (ನೂರರಲ್ಲಿ 20 ಇದ್ದರೆ 0.2) ಅದರಿಂದಲೇ ಗುಣಿಸಿ, ಎಲ್ಲ ಕೂಡಿಸಿ, 1ರಿಂದ ಕಳೆಯಿರಿ. ಮೊದಲನೆಯದಕ್ಕೆ 0.8, ಎರಡನೆಯದಕ್ಕೆ ಬರೀ 0.08. ಕಣ್ಣು ಮುಚ್ಚಿ ಎರಡು ಗಿಡ ಮುಟ್ಟಿದರೆ ಅವು ಬೇರೆ ಬೇರೆ ಜಾತಿಯಾಗಿರುವ ಸಾಧ್ಯತೆ ಹೆಚ್ಚುಕಡಿಮೆ ಅಷ್ಟು. ವೈವಿಧ್ಯ ಅಳೆಯಲು ಶ್ಯಾನನ್ ಸೂಚ್ಯಂಕ ಎಂಬ ಇನ್ನೊಂದು ಲೆಕ್ಕವೂ ಇದೆ, ಅದು ಅಪರೂಪದ ಜಾತಿಗಳನ್ನು ಇನ್ನಷ್ಟು ಗಮನಿಸುತ್ತದೆ.

ಆದರೆ ಗಿಡ ಇಲ್ಲಿಯದೋ, ಗ್ಲಿರಿಸಿಡಿಯಾ ತರಹ ಹೊರಗಿಂದ ತಂದು ನೆಟ್ಟದ್ದೋ ಎಂದು ಈ ಎರಡೂ ಸೂಚ್ಯಂಕಗಳು ಹೇಳುವುದಿಲ್ಲ. ನನಗೆ ಅದೇ ಮುಖ್ಯ. ಹೆಸರುಗಳ ಪಟ್ಟಿಯನ್ನು ಖಂಡಿತ ಜೊತೆಗಿಡಿ. ಬೇಸಿಗೆಯಲ್ಲಿ ಎಣಿಸಿದ್ದರೆ ಮಳೆಗಾಲದಲ್ಲಿ ಅದೇ ಜಾಗದಲ್ಲಿ ಮತ್ತೆ ಎಣಿಸಿ. ಎಷ್ಟೋ ಪುಟ್ಟ ಗಿಡಗಳು ನೆಲದಿಂದ ಮೇಲೆ ಬರುವುದೇ ಆಗ.