ಬಿಡಿಎಸ್ ಆದ ಮೇಲೆ ಮುಖದ ನೋವು, ತಲೆನೋವಿನ ಕೋರ್ಸ್ ಮಾಡಬೇಕಾ?

ಗಂಗಾವತಿಯಲ್ಲಿ ಕ್ಲಿನಿಕ್ ಇಟ್ಟು ಎರಡು ವರ್ಷ ಆಯ್ತು, ಮುಖದ ನೋವು ಮತ್ತು ತಲೆನೋವಿನ ಕೋರ್ಸಿಗೆ ದುಡ್ಡು ಹಾಕಿದರೆ ನಮ್ಮ ಕಡೆ ಉಪಯೋಗ ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತೆ. ನಾನು ಸಿಂಧನೂರಿನಲ್ಲಿ ಹಲ್ಲಿನ ಡಾಕ್ಟರ್. ಈ ವಿಷಯ ಓದಲು ಶುರು ಮಾಡಿದ್ದು ಒಬ್ಬರ ಹಲ್ಲು ಸುಮ್ನೆ ಕಿತ್ತ ಮೇಲೆ.

ಭತ್ತ ನಾಟಿಗೆ ಹೋಗುವ ಹೆಣ್ಣುಮಗಳು, ವಯಸ್ಸು 50 ದಾಟಿತ್ತು. ಬಲಗಡೆ ದವಡೆ ತೋರಿಸಿ "ಕರೆಂಟ್ ಹೊಡದಂಗ ಆಗ್ತದ್ರೀ ಸರ, ಮುಖ ತೊಳಿಯಾಕೂ ಆಗವಲ್ದು" ಅಂದರು. ಎಕ್ಸ್‌ರೇಯಲ್ಲಿ ಒಂದು ದವಡೆ ಹಲ್ಲು ಸ್ವಲ್ಪ ಹುಳುಕಾಗಿತ್ತು, ಕಿತ್ತುಬಿಟ್ಟೆ. ತಿಂಗಳೊಳಗೆ ಅದೇ ನೋವು ಅಂತ ಬಂದು, ಪಕ್ಕದ ಹಲ್ಲೂ ಕೀಳ್ರಿ ಅಂದರು. ಆಗ ಕೂತು ಸರಿಯಾಗಿ ಕೇಳಿದೆ. ನೋವು ಕೆಲವೇ ಸೆಕೆಂಡು, ಮುಟ್ಟಿದರೆ, ಗಾಳಿ ತಾಗಿದರೆ ಏಳುತ್ತೆ, ಮಧ್ಯೆ ಏನೂ ಇಲ್ಲ. ಟ್ರೈಜೆಮಿನಲ್ ನ್ಯೂರಾಲ್ಜಿಯಾ, ಅಂದರೆ ಹಲ್ಲಿನದ್ದಲ್ಲ, ಮುಖದ ನರದ ನೋವು! ಮೊದಲ ದಿನವೇ ಅವರು ಅದನ್ನು ಹೇಳಿದ್ದರು, ನಾನು ಎಕ್ಸ್‌ರೇ ನೋಡುತ್ತಾ ಕೂತಿದ್ದೆ. ಬಳ್ಳಾರಿಯ ನರರೋಗ ತಜ್ಞರಲ್ಲಿಗೆ ಕಳಿಸಿದೆ, ಎಂಆರ್‌ಐ ಆಯ್ತು, ಕಾರ್ಬಮಜೆಪೈನ್ ಮಾತ್ರೆ ಶುರುವಾದ ಮೇಲೆ ನೋವು ಹಿಡಿತಕ್ಕೆ ಬಂತು. ಆ ಹಲ್ಲಿನ ಬಗ್ಗೆ ನನಗೆ ಇವತ್ತಿಗೂ ಬೇಜಾರಿದೆ.

ಅದಕ್ಕೇ ಹೇಳ್ತಿದ್ದೀನಿ, ನೋವಿನ ಕಥೆ ಕೇಳುವುದನ್ನು ಕಲಿಸುವ, ಕೇಸ್ ಕೊಟ್ಟು ನಿಮ್ಮಿಂದಲೇ ರೋಗ ಹೇಳಿಸುವ ಕೋರ್ಸ್ ಆರಿಸಿ. ಎರಡು ದಿನದಲ್ಲಿ ಸ್ಪ್ಲಿಂಟ್ (ಹಲ್ಲಿನ ಮೇಲೆ ಹಾಕುವ ಕವಚ) ಮಾಡುವುದು, ಬೊಟಾಕ್ಸ್ ಚುಚ್ಚುವುದು ಅಷ್ಟೇ ಇದ್ದರೆ ಬೇಡ. ದುಡ್ಡು ಕಟ್ಟುವ ಮೊದಲು 2018ರ ತಲೆನೋವಿನ ವರ್ಗೀಕರಣ ಐಸಿಎಚ್‌ಡಿ-3, 2020ರ ಮುಖದ ನೋವಿನ ವರ್ಗೀಕರಣ ಐಸಿಒಪಿ, ಇವೆರಡನ್ನೂ ಓದಿ, ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ದವಡೆ ಕೀಲಿನ ತೊಂದರೆ ಗುರುತಿಸೋಕೆ 2014ರ ಮಾನದಂಡ ಡಿಸಿ/ಟಿಎಂಡಿ ಇದೆ.

ತಲೆನೋವು ನಮ್ಮ ಕೆಲಸ ಅಲ್ಲ ಅನ್ನಬೇಡಿ. ನಮ್ಮ ಕಡೆ ವಾಂತಿ ಜೊತೆ ಬರುವ ತಲೆನೋವಿಗೆ ಪಿತ್ತ ಅಂತಾರೆ, ಅದರಲ್ಲಿ ಎಷ್ಟೋ ಮೈಗ್ರೇನ್, ಔಷಧಿ ಇಲ್ಲದಿದ್ದರೆ 4ರಿಂದ 72 ಗಂಟೆ ಇರುತ್ತೆ, ಕೆಲವರಿಗೆ ಮೇಲಿನ ಹಲ್ಲಿಗೂ ಇಳಿಯುತ್ತೆ. ಮೆಡಿಕಲ್ ಶಾಪಿನ ಮಾತ್ರೆ ತಿಂಗಳಿಗೆ ಎಷ್ಟು ದಿನ ನುಂಗುತ್ತಾರೆ ಅಂತಲೂ ಕೇಳಿ. ಮೂರು ತಿಂಗಳಿಗಿಂತ ಜಾಸ್ತಿ ಕಾಲ ಪ್ಯಾರಾಸಿಟಮಾಲ್ ತಿಂಗಳಿಗೆ 15 ದಿನ, ಅಥವಾ ಎರಡು-ಮೂರು ಔಷಧಿ ಬೆರೆಸಿದ ನೋವಿನ ಮಾತ್ರೆ 10 ದಿನ ಆದರೆ ಮಾತ್ರೆಯೇ ತಲೆನೋವು ತರಬಹುದು. 50 ದಾಟಿದವರಿಗೆ ಹೊಸದಾಗಿ ಕಣತಲೆಯ (ಹಣೆಯ ಪಕ್ಕದ) ನೋವು, ಅಗಿಯುವಾಗ ದವಡೆ ಸೋಲುವುದು, ಕಣ್ಣು ಮಂಜಾಗುವುದು ಕಂಡರೆ ಅದೇ ದಿನ ದೊಡ್ಡಾಸ್ಪತ್ರೆಗೆ ಕಳಿಸಿ, ತಡವಾದರೆ ಕಣ್ಣೇ ಹೋಗಬಹುದು.

ಇನ್ನೊಂದು, ಬಾಯಿ ತೆಗೆಯೋಕೆ ಆಗಲ್ಲ ಅಂತ ಬಂದವರಿಗೆಲ್ಲ ಕೀಲಿನ ತೊಂದರೆ ಅಂದುಕೊಳ್ಳಬೇಡಿ. ಕೆನ್ನೆಯೊಳಗೆ ಬೆರಳಾಡಿಸಿ, ಗುಟ್ಕಾದಿಂದ ಬಿಗಿದ ನಾರಿನಂಥ ಪಟ್ಟಿ ಕೈಗೆ ಸಿಗುತ್ತಾ ನೋಡಿ. ನಮ್ಮ ಜಿಲ್ಲೆಗಳಲ್ಲಿ ಇದು ತುಂಬಾ ಮುಖ್ಯ, ಹೊರದೇಶದ ಆನ್‌ಲೈನ್ ಪಾಠಗಳಲ್ಲಿ ಇದಕ್ಕೆ ಜಾಸ್ತಿ ಜಾಗ ಇರಲ್ಲ.

ಕೋರ್ಸ್ ಸೇರುವ ತನಕ ಕಾಯಬೇಡಿ, ನಮ್ಮ ಮಾತಿನಲ್ಲೇ ಒಂದು ಪ್ರಶ್ನೆ ಹಾಳೆ ಬರೆದು ಟೇಬಲ್ ಮೇಲೆ ಇಟ್ಟುಕೊಳ್ಳಿ. ನನ್ನ ಹಾಳೆಯ ಮೊದಲ ಪ್ರಶ್ನೆ ಇದು: "ಒಮ್ಮೆ ಬಂದ್ರ ನೋವು ಎಷ್ಟೊತ್ತು ಇರ್ತದ?"